ಕೆನೆಬಣ್ಣದ ಕಾರಿನ ಎಡಭಾಗ

ನನ್ನ ತಮ್ಮನ ಮೊಮ್ಮಗಳು ಸುಧಾ ಕೊಲ್ಹಾಪುರದಲ್ಲಿ ಸಾಲೆ ಕಲಿಸುತ್ತಾಳೆ. ಮೊನ್ನೆ ತನ್ನ ಹೊಸ ಕಾರಿಗೆ ಏನೋ ಲೇಪ ಹಚ್ಚಿಸಬೇಕೆಂದು ಹೊರಟಾಗ ನಾನೂ ಹತ್ತಿ ಕೂತೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಅಂಗಡಿಯಲ್ಲಿ ಕೂತು ಜನರನ್ನು ನೋಡುವುದು ಎಷ್ಟೋ ಮೇಲು. ಅದೇನು ಅಂಗಡಿಯೋ, ಆಪರೇಷನ್ ಖೋಲಿಯ ಹಾಗೆ ಬಿಳಿ ದೀಪ, ನೆಲದ ಮೇಲೆ ಒಂದು ಹನಿ ಎಣ್ಣೆ ಇಲ್ಲ. ಗಿರಾಕಿಗಳಿಗೆ ತೋರಿಸಲು ಇಟ್ಟ ಒಂದು ಹಳೆಯ ಬಾನೆಟ್ಟಿನ ನಟ್ಟನಡುವೆ ಅಲ್ಲಿಯ ತರುಣ ಉದ್ದಕ್ಕೆ ಕಾಗದದ ಪಟ್ಟಿ ಅಂಟಿಸಿದ. ಬಲಕ್ಕೆ ಲೇಪ ಹಚ್ಚಿದ, ಎಡವನ್ನು ಹಾಗೇ ಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು ನೀರು ಸುರಿದ. ಬಲಕ್ಕೆ ನೀರು ಮಣಿಮಣಿಯಾಗಿ ಉರುಳಿ ಹೋಯಿತು. ಎಡಕ್ಕೆ ಹರಡಿಕೊಂಡು ಅಲ್ಲೇ ನಿಂತಿತು.

"ಆಜಿ, ಫರಕ್ ನೋಡಿದ್ರೇನ್ರಿ?" ಅಂದ.

ಅಷ್ಟರಲ್ಲಿ ಡಬ್ಬಿಯ ವಾಸನೆ ನನ್ನ ಮೂಗಿಗೆ ಬಂದಿತ್ತು. ಅದರಲ್ಲಿ ಮೇಣವಿತ್ತು, ಅದರ ಹಿಂದೆ ಟರ್ಪೆಂಟೈನಿನಂಥದೇ ಏನೋ ಒಂದು ಘಾಟು ಇತ್ತು. ಸುಧಾ ನನ್ನ ಮುಖ ನೋಡಿ ಗಾಬರಿಯಾಗಿ, "ಆಜಿ, ಏನಾತು? ನೀರ ಕುಡೀತೀ?" ಅಂದಳು. "ಏನಿಲ್ಲವಾ, ವಾಸನಿಗೆ ತಲಿ ಗಿರ್ ಅಂತು," ಅಂದೆ. ಹಸಿ ಸುಳ್ಳು. ಆ ವಾಸನೆಗೆ ತಲೆ ತಿರುಗುವವಳು ನಾನಲ್ಲ. ಒಂದು ಇಡೀ ಬೇಸಿಗೆ ಅದನ್ನು ನನ್ನ ಕೈಯಿಂದ, ನನ್ನ ಇದ್ದಿಲ ಶೆಗಡಿಯ ಮೇಲೆ ಕುದಿಸಿದ್ದೇನೆ.

ಅದು ಚೀನಾ ಯುದ್ಧ ಮುಗಿದ ಮರುವರ್ಷ. ಆಗ ಕಾರು ಎಂದರೆ ರೊಕ್ಕ ಇದ್ದವರಿಗೂ ವರ್ಷಗಟ್ಟಲೆ ಕಾದ ಮೇಲೆ ಸಿಗುವ ವಸ್ತು. ಕೊಲ್ಹಾಪುರದ ಉದ್ಯಮನಗರದಲ್ಲಿ ನಮ್ಮದೊಂದು ತಗಡಿನ ಶೆಡ್ಡು, ಅದರ ಹಿಂದೆಯೇ ಎರಡು ಖೋಲಿಯ ಮನೆ. ನಮ್ಮ ಮನೆಯವರು ಗಡಹಿಂಗ್ಲಜದ ಕಡೆಯವರು, ಮೋಟಾರುಗಳಿಗೆ ಬಣ್ಣ ಹೊಡೆಯುವ ಕೆಲಸ. ಅವರ ಹೆಸರನ್ನು ನಾನು ಎಂದೂ ಬಾಯಿಂದ ಅಂದವಳಲ್ಲ. ಲೋಕವೆಲ್ಲ ಗುರಸಿದ್ದಪ್ಪ ಮಿಸ್ತ್ರಿ ಅನ್ನುತ್ತಿತ್ತು, ಹಾಗೆಂದು ಬರೆಯುತ್ತೇನೆ, ಬರೆಯುವುದಕ್ಕೇನು ದೋಷವಿಲ್ಲ. ನಮಗೆ ಮಕ್ಕಳಿರಲಿಲ್ಲ. ಆ ಶೆಡ್ಡಿಗೆ ಬಂದು ಹೋಗುವ ಮೋಟಾರುಗಳೇ ನಮ್ಮ ಮನೆಗೆ ಬಂದು ಹೋಗುವ ನೆಂಟರು.

ಬಣ್ಣವನ್ನು ಥಿನ್ನರಿನಲ್ಲಿ ತೆಳ್ಳಗೆ ಮಾಡಿ ಸ್ಪ್ರೇ ಗನ್ನಿನಿಂದ ಹೊಡೆದರೆ ಅರ್ಧ ಮೋಟಾರಿಗೆ, ಅರ್ಧ ಗಾಳಿಗೆ. ಗಾಳಿಗೆ ಹೋದದ್ದು ಹೊಡೆಯುವವನ ಎದೆಗೆ. ಮೂಗುಬಾಯಿಗೆ ಇವರು ಒದ್ದೆ ಪಂಚೆ ಕಟ್ಟಿಕೊಳ್ಳುತ್ತಿದ್ದರು, ಅಷ್ಟೇ. ಸಂಜೆ ಆ ಪಂಚೆ ಒಗೆಯುವಾಗ ಇವತ್ತು ನೀಲಿ ಗಾಡಿ ಬಂದಿತ್ತು, ಇವತ್ತು ಹಸಿರು ಗಾಡಿ ಎಂದು ನನಗೆ ತಿಳಿಯುತ್ತಿತ್ತು. ಬರಬರುತ್ತ ಬಚ್ಚಲದಲ್ಲಿ ಅವರು ಕೆಮ್ಮಿ ಉಗುಳಿದ್ದನ್ನು ನೋಡಿಯೂ ತಿಳಿಯತೊಡಗಿತು. ಅದನ್ನು ಕಂಡ ದಿನ ನಾನು ಸುಮ್ಮನಿರಲಿಲ್ಲ.

"ಈ ಗನ್ನು ಬಿಡ್ರಿ. ನಿಮಗ ಕೈ ಮುಗೀತೀನಿ. ಬ್ಯಾರೆ ಏನರ ಮಾಡೂಣು."

"ಬ್ಯಾರೆ ಏನ ಬರತೈತಿ ನನಗ?"

"ಭಜಿ ಕರೀತೀನಿ, ನೀವು ರೊಕ್ಕದ ಗಲ್ಲೇಕ ಕುಂದರ್ರಿ!"

ಅವರು ನಕ್ಕರು, ನಗು ಕೆಮ್ಮಾಯಿತು. ಆದರೆ ಮಾತು ಅವರ ತಲೆಯೊಳಗೆ ಹೊಕ್ಕಿತ್ತು. ಎಷ್ಟೋ ದಿನಗಳಿಂದ ಅವರಿಗೊಂದು ಹುಚ್ಚಿತ್ತು. ನಮ್ಮ ಕಡೆಯ ಮಳೆಗೆ ಎಂಥ ಬಣ್ಣವೂ ಎರಡು ವರ್ಷದಲ್ಲಿ ಮಂಕಾಗುತ್ತದೆ, ಬಣ್ಣದ ಮೇಲೆ ನೀರು ನಿಲ್ಲದ ಹಾಗೆ ಒಂದು ಲೇಪ ಮಾಡಬೇಕು ಎಂಬ ಹುಚ್ಚು. ಅದು ಸಾಧಿಸಿದರೆ ಗನ್ನು ಗೂಟಕ್ಕೆ, ಲೇಪದ ಡಬ್ಬಿ ತುಂಬಿ ಮಾರುವುದೇ ಕೆಲಸ. ಆ ಬೇಸಿಗೆ ನಮ್ಮಿಬ್ಬರಿಗೂ ಬೇರೆ ಧ್ಯಾನವಿರಲಿಲ್ಲ. ಚಂದಗಡದ ಗುಡ್ಡದ ಜೇನುಮೇಣ ಕೋವಾಡದ ಸಂತೆಗೆ ಬರುತ್ತಿತ್ತು, ಅಲ್ಲಿಂದ ತಂದೆವು. ರಾಳ, ಅಗಸೆಯೆಣ್ಣೆ, ಟರ್ಪೆಂಟೈನು ಇಲ್ಲೇ ಸಿಕ್ಕವು. ಟರ್ಪೆಂಟೈನಿಗೆ ಬೆಂಕಿ ಆಗದು. ಅದಕ್ಕೆ ಹಿತ್ತಲಲ್ಲಿ ಶೆಗಡಿಯ ಮೇಲೆ ನೀರಿನ ಹಂಡೆ, ಹಂಡೆಯೊಳಗೆ ಬೋಗುಣಿ, ಬೋಗುಣಿಯಲ್ಲಿ ಮೇಣ. ಕೆಳಗಿಳಿಸಿದ ಮೇಲೆ ಟರ್ಪೆಂಟೈನು ಬೆರೆಸಿ ತಿರುವುವುದು ನನ್ನ ಪಾಲು. ಒಮ್ಮೆ ಗಟ್ಟಿಯಾಗಿ ಕಲ್ಲಾಯಿತು, ಒಮ್ಮೆ ಅಂಟಂಟಾಗಿ ಬೆಲ್ಲದ ಪಾಕವಾಯಿತು. ಮಗ್ಗುಲ ಮನೆಯಾಕೆ ಗೋಡೆಯ ಮೇಲಿಂದ ಹಣಿಕಿ ಹಾಕಿ, "ಕಾಯ್ ಹೋ ನೀಲಾಬಾಯಿ, ಕಾಯ್ ಶಿಜವತಾಯ್?" ಎಂದು, ಏನು ಬೇಯಿಸುತ್ತಿದ್ದೀ ಎಂದು, ಮೂಗು ಮುಚ್ಚಿಕೊಂಡು ಕೇಳಿದರೆ, "ನಮ್ಮ ಯಜಮಾನರಿಗಿ ಪುರಣಪೋಳಿ!" ಅನ್ನುತ್ತಿದ್ದೆ. ಕಡೆಗೆ ಒಂದು ಹದ ಕೂಡಿ ಬಂತು. ಶೆಡ್ಡಿನ ಹಳೆಯ ತಗಡಿಗೆ ಹಚ್ಚಿ, ಒಣಗಿಸಿ, ಅರಿವೆಯಿಂದ ತಿಕ್ಕಿ ಒಂದು ತಂಬಿಗೆ ನೀರು ಸುರಿದರು. ನೀರು ತಗಡಿನ ಮೇಲೆ ನಿಲ್ಲಲಿಲ್ಲ, ಮಣಿಯಾಗಿ ಓಡಿತು. ಇವರು ಸಣ್ಣ ಹುಡುಗರ ಹಾಗೆ ಮತ್ತೆ ಮತ್ತೆ ನೀರು ಸುರಿದು ಅಂಗಳವೆಲ್ಲ ರಾಡಿ ಮಾಡಿದರು. ನಾನು ಬೈಯಲಿಲ್ಲ.

ಮೋಟಾರು ಸಾಮಾನಿನ ದೊಡ್ಡ ಅಂಗಡಿಯ ಶೇಠಜಿಗೆ ತೋರಿಸಿದರು. ಶೇಠಜಿ ಕೆಟ್ಟ ಮನುಷ್ಯನಲ್ಲ, ಆದರೆ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವವರು. ತಗಡಿನ ಮೇಲೆ ತೋರಿಸಿದರೆ ಆಗದು, ಖರೆ ಗಾಡಿಯ ಮೇಲೆ ಒಂದು ಮಳೆಗಾಲ ತಡೆದು ತೋರಿಸು ಅಂದರು. ಬಾನೆಟ್ಟಿನ ಬಲ ಅರ್ಧಕ್ಕೆ ಹಚ್ಚಬೇಕು, ಎಡ ಅರ್ಧ ಬಿಡಬೇಕು. ದಸರೆಯ ಹಿಂದಿನ ದಿನ ಖಂಡೇನವಮಿಗೆ ಎಲ್ಲರೂ ಗಾಡಿ ತೊಳೆಯುತ್ತಾರಲ್ಲ, ಆಗ ತಾವೇ ಬಂದು ನೋಡುತ್ತಾರೆ. ಎರಡೂ ಬದಿಗೆ ಫರಕು ಕಂಡರೆ ಇಡೀ ಜಿಲ್ಲೆಗೆ ಡಬ್ಬಿ ಒಯ್ಯುವವರು ಅವರೇ. "ಟ್ರಕ್ಕು ತೋರಿಸಬ್ಯಾಡ ಮತ್ತ," ಅಂತಲೂ ಹೇಳಿದರು, "ಟ್ರಕ್ಕಿನವ ಲೇಪ ಕೊಳ್ಳೂದಿಲ್ಲ. ಕಾರಿನವರು ಕೊಳ್ಳೋರು." ಇವರು ಆಗಲೇ ದತ್ತವಾಡದ ಒಂದು ಗೊಬ್ಬರದ ಲಾರಿಯ ಬಾಗಿಲಿಗೆ ಹಚ್ಚಿ ಬಂದಿದ್ದರು. ಅದು ಲೆಕ್ಕಕ್ಕಿಲ್ಲ ಎಂದಾಯಿತು.

ಹೊಸ ಕಾರಿನ ಅರ್ಧ ಮೋರೆಯನ್ನು ಯಾರು ಕೊಡುತ್ತಾರೆ? ಗಡಹಿಂಗ್ಲಜದ ನಮ್ಮ ಡಾಕ್ಟರರ ಹತ್ತಿರ ಒಂದು ಕರಿ ಕಾರಿತ್ತು. ಇಬ್ಬರೂ ಹೋಗಿ ಕೇಳಿದೆವು. ಡಾಕ್ಟರರು ಕಾರಿನ ಮಾತು ಕೇಳುವ ಮೊದಲು ಇವರ ಕೆಮ್ಮು ಕೇಳಿದರು. ಅಂಗಿ ಬಿಚ್ಚಿಸಿ ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಆಲಿಸಿದರು.

"ಗುರಸಿದ್ದಪ್ಪಾ, ಬಣ್ಣಾ ಹೊಡೇದು ಇನ್ನ ಬಂದ್ ಮಾಡಬೇಕು. ಇವತ್ತಲ್ಲ ನಿನ್ನೇನ ಬಂದ್ ಮಾಡಬೇಕಿತ್ತು."

"ದಸರಾಕ್ಕ ಬಂದ್ ಮಾಡತೀನ್ರಿ, ಡಾಕ್ಟರ್ ಸಾಹೇಬ್ರ. ಅದಕ್ಕ ನಿಮ್ಮ ಕಾರ ಬೇಕಾಗೇತಿ."

ಡಾಕ್ಟರರು ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ, ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ಅಂದಿನಿಂದ ನನಗೆ ದಸರೆ ಬಿಟ್ಟು ಬೇರೆ ಹಬ್ಬವೇ ಕಾಣಲಿಲ್ಲ.

ಎರಡನೆಯ ಕಾರು ಇಚಲಕರಂಜಿಯದು. ಅಲ್ಲಿ ಶಹಾಪುರದಲ್ಲಿ ನಮ್ಮವರೇ ಒಬ್ಬ ಸಾವಕಾರರು, ಪಾವರ್‌ಲೂಮಿನ ಶೆಡ್ಡುಗಳ ಮಾಲಕರು. ಶೇಠಜಿಯೂ ಅವರೂ ಒಂದೇ ತಾಟಿನಲ್ಲಿ ಉಂಡ ಗೆಳೆಯರು. ಅವರದು ಕೆನೆಬಣ್ಣದ ಕಾರು, ಹೊಸದು, ಹಾಲಿನ ಮೇಲಿನ ಕೆನೆಯಷ್ಟೇ ಚೆಂದ. ಅದರ ಡ್ರೈವರ್ ಯಲ್ಲಪ್ಪ ಅಥಣಿ ಕಡೆಯವನು. ಮೊದಲು ಅದೇ ಸಾವಕಾರರ ಮಗ್ಗದ ಮುಂದೆ ನಿಂತವನು. ಹತ್ತಿಯ ಅರಳೆ ಎದೆಗೆ ಹೊಕ್ಕು ಮಲಗಿಬಿಟ್ಟಿದ್ದ. ಪುಣ್ಯಕ್ಕೆ ಡ್ರೈವಿಂಗ್ ಬರುತ್ತಿತ್ತು, ಸಾವಕಾರರು ಗಾಡಿ ಕೊಟ್ಟರು, ಬಯಲ ಗಾಳಿಗೆ ಬಂದು ಬದುಕಿಕೊಂಡ. ಅವನಿಗೂ ಇವರಿಗೂ ನೋಡಿದ ಕೂಡಲೇ ಗೆಳೆತನ. ಇಬ್ಬರು ಕೆಮ್ಮುವವರು ಕೂಡಿದರೆ ಮಾತಿಗೇನು ಬರ.

"ನಂದು ಬಿಳೀದು ಬರತಿತ್ರಿ ಅಣ್ಣಾರ, ಅರಳಿ," ಅಂದ ಯಲ್ಲಪ್ಪ.

"ನಂದು ಯಾವ ಗಾಡಿ ಬರತೈತಿ ಆ ಬಣ್ಣ," ಅಂದರು ಇವರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಆ ನಗೆಚಾಟಿಕೆ ಸೇರಲಿಲ್ಲ.

ಬಾನೆಟ್ಟಿನ ಬಲ ಅರ್ಧಕ್ಕೆ ಲೇಪ ಹಚ್ಚಿ ತಿಕ್ಕಿದ ಮೇಲೆ ಸಾವಕಾರರು ಬಂದು ನಿಂತರು. "ಪರೀಕ್ಷಾ ಅಂದ್ರ ಪರೀಕ್ಷಾ. ಯಲ್ಲಪ್ಪಾ, ನೀರ ಬಿಟ್ಟರ ಇದಕ್ಕ ಏನೂ ಮುಟ್ಟಿಸಬ್ಯಾಡ. ನನ್ನ ಮಾತ ಮೀರಿದಿ, ಮರುದಿವಸ ಮುಂಜಾನೆ ಮತ್ತ ಮಗ್ಗದ ಮುಂದ ಹೋಗಿ ನಿಂದ್ರಬೇಕು ನೋಡು." ನಕ್ಕೇ ಹೇಳಿದರು. ಆದರೆ ಅವರು ನಕ್ಕು ಹೇಳಿದ್ದನ್ನೂ ನಡೆಸುವವರು ಎಂದು ಶಹಾಪುರಕ್ಕೆಲ್ಲ ಗೊತ್ತಿತ್ತು. ಕಾರನ್ನು ಕೇಳದೆ ಒಮ್ಮೆ ಮನೆಗೆ ಒಯ್ದ ಹಿಂದಿನ ಡ್ರೈವರನನ್ನು ಹಬ್ಬದ ದಿನವೇ ಹೊರಗೆ ಹಾಕಿದವರು ಅವರು.

ನಾವು ಹೊರಡುವಾಗ ಯಲ್ಲಪ್ಪ ತನ್ನ ಸೈಕಲ್ ತೋರಿಸಿ, "ಅಣ್ಣಾರ, ಚೂರು ಉಳಿದಿದ್ರ ನನ್ನ ಕುದರಿಗೂ ಕೊಡ್ರಿ," ಅಂದ. ಇವರು ಒಂದು ತುಂಬಿದ ಡಬ್ಬಿಯನ್ನೇ ಅವನ ಕೈಗಿಟ್ಟರು. ಬಸ್ಸಿನಲ್ಲಿ ನಾನು ರೇಗಿದೆ. "ಕೋವಾಡಕ್ಕ ಮೇಣ ತರಾಕ ಹೋದವರು ನಾವು, ಡಬ್ಬಿಗಟ್ಟಲೆ ದಾನ ಮಾಡವರೂ ನಾವು!" ಅವರು ಕಿಟಕಿಯಾಚೆ ನೋಡುತ್ತ, "ಇರಲಿ ಬಿಡ. ಭಾಳ ಪ್ರೀತಿಲೆ ಕೇಳಿದ," ಅಂದರು.

ಮೃಗಶಿರಾ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಅಂಥ ಮಳೆಯನ್ನು ಅದಕ್ಕೂ ಮೊದಲು ನಾನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಪಂಚಗಂಗೆ ದಂಡೆ ಮೀರಿದಾಗ ಊರೆಲ್ಲ ಹೆದರಿದರೆ ನಾನು ಒಳಗೊಳಗೇ ಸುರಿಯಲಿ ಸುರಿಯಲಿ ಅನ್ನುತ್ತಿದ್ದೆ. ಜೋರು ಮಳೆ ಬಂದಷ್ಟೂ ಎಡ ಅರ್ಧ ಮಂಕಾಗುತ್ತದೆ, ಬಲ ಅರ್ಧ ಮಿಂಚುತ್ತದೆ. ಅಷ್ಟೇ ನನ್ನ ಲೆಕ್ಕ. ಇತ್ತ ಇವರು ಗನ್ನು ಕೆಳಗಿಟ್ಟಿರಲಿಲ್ಲ. ಥಂಡಿಗೆ ಕೆಮ್ಮು ಏರಿತು. ಶೆಡ್ಡಿನಲ್ಲಿ ಗನ್ನಿಗೆ ಗಾಳಿ ತುಂಬುವ ಕಂಪ್ರೆಸರಿನ ಸದ್ದು ನಿಂತಾಗಲೆಲ್ಲ ಇವರ ಕೆಮ್ಮಿನ ಸದ್ದು ಕೇಳುತ್ತಿತ್ತು, ಆಮೇಲೆ ಮತ್ತೆ ಕಂಪ್ರೆಸರು. ಗೋಡೆಯ ಈಚೆ ರೊಟ್ಟಿ ಬಡಿಯುತ್ತ ನಾನು ದಸರೆಯನ್ನು ಕಾಯುತ್ತಿದ್ದೆ.

ಶ್ರಾವಣದಲ್ಲಿ ಮೊದಲ ಪೆಟ್ಟು ಬಿತ್ತು. ಡಾಕ್ಟರರು ಸಂಕೇಶ್ವರದ ರಸ್ತೆಯಲ್ಲಿ ಬರುವಾಗ ಎಮ್ಮೆಯೊಂದು ಅಡ್ಡ ಬಂದು ಕರಿ ಕಾರಿನ ಬಾನೆಟ್ಟು ನಗ್ಗಿಹೋಯಿತು. ಎಮ್ಮೆ ಎದ್ದು ಹೋಯಿತು. ಕಾರು ನಮ್ಮ ಶೆಡ್ಡಿಗೇ ಬಂತು. ಬಡಿದು ನೇರ ಮಾಡಿದ ತಗಡಿಗೆ ಹೊಸ ಬಣ್ಣ ಹೊಡೆಯಲೇಬೇಕು. ತಮ್ಮ ಪರೀಕ್ಷೆಯ ಮೇಲೆ ತಾವೇ ಕರಿ ಬಣ್ಣ ಹೊಡೆದರು. ಆ ಸಂಜೆಯ ಪಂಚೆಯನ್ನು ನಾನು ಒಗೆಯಲಿಲ್ಲ, ಸಿಟ್ಟಿಗೆ ಮೂಲೆಗೆ ಒಗೆದೆ.

"ಇನ್ನೊಂದು ಐತೆಲ್ಲ," ಅಂದರು. "ಶೇಠಜಿ ಹೆಂಗೂ ಅದನ್ನ ನೋಡೋರು."

ಹಾಗೆ ಎಲ್ಲವೂ ಆ ಕೆನೆಬಣ್ಣದ ಕಾರಿನ ಮೇಲೆ ಬಂದು ನಿಂತಿತು.

ಖಂಡೇನವಮಿಯ ದಿನ ನಾನೂ ಹಟ ಹಿಡಿದು ಇಚಲಕರಂಜಿಗೆ ಹೋದೆ. ಮಗ್ಗಗಳೆಲ್ಲ ಬಂದಾಗಿದ್ದವು. ವರ್ಷವಿಡೀ ಖಡಖಡ ಅನ್ನುವ ಶಹಾಪುರ ಅವತ್ತು ಗಪ್ಪಾಗಿತ್ತು. ಪ್ರತಿ ಶೆಡ್ಡಿನ ಬಾಗಿಲಿಗೂ ಮಾವಿನ ತೋರಣ, ಮಗ್ಗಗಳಿಗೆ ವಿಭೂತಿ, ಚೆಂಡುಹೂವು. ಸಾವಕಾರರ ಅಂಗಳದಲ್ಲಿ ಕಾರು ನಿಂತಿತ್ತು. ಯಲ್ಲಪ್ಪ ಹೊಸ ಅಂಗಿ ತೊಟ್ಟು, ಕೈಯಲ್ಲಿ ಹೂವಿನ ಹಾರ ಹಿಡಿದು ಕಾದಿದ್ದ. ಪೂಜೆಗೆ ಮೊದಲು ಪರೀಕ್ಷೆ ಆಗಲಿ ಎಂದು ಶೇಠಜಿ ಅಂದರು. ಯಲ್ಲಪ್ಪ ಬಾನೆಟ್ಟು ತೊಳೆದು ಒರೆಸಿದ. ಶೇಠಜಿ ಕನ್ನಡಕ ಏರಿಸಿ ಬಾಗಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತಂಬಿಗೆ ತರಿಸಿ ನೀರು ಸುರಿದರು.

ಎರಡೂ ಕಡೆ ನೀರು ಮಣಿಯಾಗಿ ಉರುಳಿತು.

"ದೋನ್ಹೀ ಸಾರಖೇಚ ಕೀ ಹೋ, ಮಿಸ್ತ್ರಿ!" ಅಂದರು ಶೇಠಜಿ. ಎರಡೂ ಒಂದೇ ಥರ ಇವೆಯಲ್ಲಪ್ಪ ಎಂದು.

ಯಲ್ಲಪ್ಪ ಸಂತೋಷ ತಡೆಯಲಾರದೆ, "ನೋಡ್ರಿ ಶೇಠಜಿ, ಎರಡೂ ಕಡೆ ಹೆಂಗ ಮಿಂಚಾಕತ್ತೇತಿ! ಒಂದ ಚುಕ್ಕಿ ಇಲ್ಲ!" ಅಂದ. ಅಂದು ಇವರ ಕಡೆ ತಿರುಗಿ ಒಂದು ಗುಟ್ಟಿನ ನಗು ನಕ್ಕ.

ಆ ನಗುವನ್ನು ನಾನು ನೋಡಿದೆ, ಇವರೂ ನೋಡಿದರು. ಇವರು ಮುಂದೆ ಬಂದು ಬಾನೆಟ್ಟಿನ ಎಡಭಾಗವನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕಿ ಮೂಗಿಗೆ ಹಿಡಿದರು. ಈಗ ಹೇಳುತ್ತಾರೆ, ಈಗ ಬಾಯಿ ತೆರೆಯುತ್ತಾರೆ ಎಂದು ಸೆರಗು ಹಿಡಿದು ನಿಂತೆ. ಸಾವಕಾರರು ಹುಬ್ಬು ಗಂಟಿಕ್ಕಿ, "ಯಾಕ ಮಿಸ್ತ್ರಿ? ಯಾರರ ಏನರ ಹಚ್ಯಾರೇನು?" ಅಂದರು. ಯಲ್ಲಪ್ಪನ ಮುಖದ ನಗು ಅಲ್ಲೇ ನಿಂತಿತು. ಅಂಗಳದ ಆ ತುದಿಗೆ ಅವನ ಹೆಂಡತಿ ಸಾಲಾಗಿ ಮಕ್ಕಳನ್ನು ಕರೆದುಕೊಂಡು ಪೂಜೆಗೆ ಬಂದು ನಿಂತಿದ್ದಳು.

"ಇಲ್ರಿ ಸಾವಕಾರ್ರ," ಅಂದರು ಇವರು. "ಯಾರೂ ಹಚ್ಚಿಲ್ಲ."

ಶೇಠಜಿ ಕರ್ಚೀಫಿನಿಂದ ಕೈ ಒರೆಸಿಕೊಂಡರು. ಹಚ್ಚದ ಕಡೆಯೂ ಇಷ್ಟು ಚೆಂದ ಉಳಿದಿದ್ದರೆ ಲೇಪ ಯಾತಕ್ಕೆ, ಗಾಡಿಯ ಬಣ್ಣವೇ ಗಟ್ಟಿಯಿದೆ, ನಾನು ಗಿರಾಕಿಗೆ ಏನೆಂದು ಮಾರಲಿ ಎಂದರು. ಬೇಸರದಿಂದಲೇ ಅಂದರು. ಇವರ ಭುಜ ತಟ್ಟಿ, "ಕೆಲಸ ಚಲೋ ಮಾಡತಿ, ಬಣ್ಣದ ಕೆಲಸಾನ ಮಾಡು," ಅಂದರು. ಆಮೇಲೆ ಪೂಜೆಯಾಯಿತು. ಕುಂಬಳಕಾಯಿ ಒಡೆದರು. ಎಲ್ಲರಿಗೂ ಪೇಢೆ ಕೊಟ್ಟರು. ನನ್ನ ಪೇಢೆಯನ್ನು ನಾನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಬಸ್ ಸ್ಟ್ಯಾಂಡಿನವರೆಗೂ ನಾನು ತಡೆದೆ. ಆಮೇಲೆ ಬೀದಿಯೆಂದೂ ನೋಡಲಿಲ್ಲ.

"ಅಂವ ಹಚ್ಯಾನ! ನೀವು ಕೊಟ್ಟ ಡಬ್ಬೀಲೆ ಹಚ್ಯಾನ! ಗೊತ್ತಿದ್ದೂ ಬಾಯಾಗ ಹಿಟ್ಟ ತುಂಬಿಕೊಂಡ ನಿಂತ್ರಿ!"

"ಹೌದು, ಹಚ್ಯಾನ."

"ಹಂಗಾರ ನಡೀರಿ, ಈಗ ಹೋಗಿ ಹೇಳೂಣು. ನಿಮಗ ಹೇಳಾಕ ಆಗಲಿಲ್ಲಂದ್ರ ನಾ ಹೇಳತೀನಿ."

"ಹೇಳಿದ್ರ ನಾಳೆ ಮುಂಜಾನೆ ಅಂವ ಮಗ್ಗದ ಮುಂದ ನಿಂದ್ರತಾನ, ನೀಲಾ. ಅರಳಿ ಒಳಗ. ಅಂವಂದು ನಂದಕಿಂತ ಕೆಟ್ಟ ಎದಿ. ಒಂದ ವರ್ಷ ಬಾಳೂದಿಲ್ಲ."

"ಮತ್ತ ನೀವು? ನೀವ ಎಷ್ಟ ಬಾಳತೀರಿ?"

ಅವರು ಬಸ್ಸು ಬರುವ ದಾರಿ ನೋಡಿದರು. ಶೇಠಜಿಗೆ ಒಬ್ಬರಿಗೇ ಗುಟ್ಟಾಗಿ ಹೇಳೋಣ ಅಂದೆ. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಸಾವಕಾರರ ಕಿವಿಗೆ ಬೀಳುತ್ತದೆ ಅಂದರು. ಹಾಗಾದರೆ ನಾವೇನು ಮಣ್ಣು ತಿನ್ನಬೇಕೇ ಅಂದೆ. ಅಲ್ಲೇ ಬೇವಿನ ಕಟ್ಟೆಯ ಮೇಲೆ ನನ್ನನ್ನು ಕೂಡಿಸಿದರು. ಕೊರಳ ಕರಡಿಗೆಯ ಮೇಲೆ ಕೈಯಿಟ್ಟು, ಲಿಂಗದ ಆಣೆ, ಯಾರ ಮುಂದೂ ಈ ಮಾತು ಎತ್ತಬೇಡ ಅಂದರು. "ಮುಂದಿನ ಮಳಿಗಾಲಕ್ಕ ಮತ್ತ ಮಾಡೂಣು. ಮಳಿ ಏನ ಓಡಿ ಹೋಗತೈತೇನು? ಬರತೈತಿ, ವರ್ಷಾ ಬರತೈತಿ." ನಾನು ಆಣೆ ಒಪ್ಪಿದೆ. ಒಪ್ಪಿದ್ದಕ್ಕೆ ಅವರ ಮೇಲೆ ನನಗೆ ಬಂದ ಸಿಟ್ಟು, ಸುಳ್ಳೇಕೆ ಹೇಳಲಿ, ಇವತ್ತಿಗೂ ಪೂರಾ ಇಳಿದಿಲ್ಲ. ಯಲ್ಲಪ್ಪನ ಮಕ್ಕಳು ಕಂಡವು ಅವರಿಗೆ, ಅವರ ಪಕ್ಕದಲ್ಲಿ ನಿಂತ ನಾನು ಕಾಣಲಿಲ್ಲವೇ ಎಂದು ಎಷ್ಟೋ ಸಲ ಒಬ್ಬಳೇ ಕೂತು ಜಗಳಾಡಿದ್ದೇನೆ.

ದಸರೆ ಆದ ಮೇಲೆ ಗಾಡಿಗಳು ಒಂದರ ಹಿಂದೊಂದು ಬಂದವು, ಲಗ್ನಸರಾಯಿ, ಮದುವೆಗಳ ಕಾಲ, ಹತ್ತಿರ ಬಂದಿತ್ತು. ಗನ್ನು ಗೂಟಕ್ಕೆ ಹೋಗಲಿಲ್ಲ. ಡಾಕ್ಟರರು ಒಮ್ಮೆ ಕೊಲ್ಹಾಪುರಕ್ಕೆ ಬಂದವರು ಶೆಡ್ಡಿಗೇ ಬಂದು ಬೈದು ಹೋದರು. ಶಿವರಾತ್ರಿಯ ಹೊತ್ತಿಗೆ ಇವರು ಅರ್ಧ ಬಾಗಿಲಿಗೆ ಬಣ್ಣ ಹೊಡೆದು ಸ್ಟೂಲಿನ ಮೇಲೆ ಕೂತು, ಉಸಿರು ಕೂಡಿಸಿಕೊಂಡು ಇನ್ನರ್ಧ ಹೊಡೆಯುವ ಹಾಗಾಯಿತು. ಆಮೇಲೆ ಅದೂ ಆಗಲಿಲ್ಲ. ಹಾಸಿಗೆಯ ಮೇಲಿಂದಲೇ ಮೇಣದ ಚಿಂತೆ. ಕೋವಾಡದಿಂದ ತರಿಸಿದ ಹೊಸ ಮೇಣದ ಗಡ್ಡೆಯನ್ನು ಕೈಯಲ್ಲಿ ಹಿಡಿದು ಮೂಸಿ, "ಈ ಸಲದ್ದು ಚಲೋ ಐತಿ ನೋಡ. ರಾಳ ಒಂದೀಟು ಕಮ್ಮಿ ಹಾಕು," ಅಂದರು. ನಾನು ಹಿತ್ತಲಲ್ಲಿ ಶೆಗಡಿ ಹಚ್ಚಿ ಕುದಿಸಿದೆ. ಕಿಟಕಿಯಿಂದ ವಾಸನೆ ಒಳಗೆ ಹೋಗುತ್ತಿತ್ತು. ಅವರು ಒಳಗಿನಿಂದಲೇ ಹದ ಹೇಳುತ್ತಿದ್ದರು, ಇಳಿಸು, ಸಾಕು, ಈಗ ತಿರುವು ಎಂದು. ಧ್ವನಿ ದಿನದಿನಕ್ಕೆ ಸಣ್ಣದಾಯಿತು. ಕೊನೆಕೊನೆಗೆ ನಾನೇ ಬಾಗಿಲಿಗೆ ಹೋಗಿ ಬಾಗಿ ಕೇಳಿ ಬರಬೇಕಾಯಿತು.

ವೈಶಾಖದಲ್ಲಿ ಹೋದರು. ಮಳೆ ಇನ್ನೂ ಬಂದಿರಲಿಲ್ಲ.

ಗಡಹಿಂಗ್ಲಜದ ಮಣ್ಣಿನಲ್ಲಿ ಕೂಡಿಸಿ ಬಂದೆವು. ತವರಿನವರು ಕರೆದರು, ನಾನು ಹೋಗಲಿಲ್ಲ. ಶೆಡ್ಡಿನಲ್ಲಿ ಕಂಪ್ರೆಸರು ಸುಮ್ಮನೆ ನಿಂತಿತ್ತು. ಗನ್ನನ್ನು ನಾನೇ ಥಿನ್ನರಿನಲ್ಲಿ ತೊಳೆದು, ಒರೆಸಿ, ಗೂಟಕ್ಕೆ ಹಾಕಿದೆ. ಲೇಪದ ಡಬ್ಬಿಗಳು ಹಲಗೆಯ ಮೇಲೆ ಸಾಲಾಗಿ ಕೂತಿದ್ದವು.

ಮೃಗಶಿರಾ ಹಿಡಿದು ಕೆಲವು ದಿನಗಳಾಗಿದ್ದವು. ಒಂದು ಮಧ್ಯಾಹ್ನ, ಜಡಿಮಳೆಯಲ್ಲಿ, ಅಂಗಳದಲ್ಲಿ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು. ನೋಡಿದರೆ ಯಲ್ಲಪ್ಪ. ಇಚಲಕರಂಜಿಯಿಂದ ಮಳೆಯಲ್ಲೇ ತುಳಿದುಕೊಂಡು ಬಂದಿದ್ದ. ಸಾವಕಾರರ ಮನೆಯಲ್ಲಿ ಹಿಂದಿನ ದಿನವಷ್ಟೇ ಸುದ್ದಿ ಕಿವಿಗೆ ಬಿದ್ದಿತ್ತಂತೆ. ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತು ಸಣ್ಣ ಮಗುವಿನ ಹಾಗೆ ಅತ್ತ. ನಾನು ಒಂದು ಟಾವೆಲ್ ಕೊಟ್ಟೆ, ಚಹಾ ಮಾಡಿ ಕೊಟ್ಟೆ. ಅವನ ಮೈ ತುಂಬಿಕೊಂಡಿತ್ತು, ಒಂದು ಸಲವೂ ಕೆಮ್ಮಲಿಲ್ಲ. ಅದನ್ನು ಗಮನಿಸಿದೆ.

ಚಹಾ ಕುಡಿದು ಅವನೇ ಮಾತು ತೆಗೆದ.

"ವೈನಿ, ಒಂದ ಮಾತು ಅಣ್ಣಾರ ಮುಂದ ಹೇಳಬೇಕಂತ ಇದ್ದೆ, ಆಗಲಿಲ್ಲ. ನಿಮ್ಮ ಮುಂದ ಹೇಳತೀನಿ. ಸಾವಕಾರ್ರಿಗಿ ಮಾತ್ರ ತಿಳಿಸಬ್ಯಾಡ್ರಿ."

ನಾನು ಖಾಲಿ ಕಪ್ಪು ತೆಗೆದು ಬದಿಗಿಟ್ಟೆ.

"ಕಾರಿನ ಎಡಕ್ಕ ನಾನ ಲೇಪ ಹಚ್ಚಿದ್ದೆ ವೈನಿ, ಹ್ವಾದ ವರ್ಷ ಕಾರಹುಣ್ವಿ ದಿವಸ. ಊರಾಗ ನಮ್ಮಪ್ಪ ಎತ್ತಿನ ಕೋಡಿಗೆ ಬಣ್ಣಾ ಹಚ್ಚಾಂವ. ಒಂದ ಕೋಡಿಗೆ ಹಚ್ಚಿ ಒಂದ ಬಿಟ್ಟರ ಎತ್ತು ಮೊಕಾ ತಿರುವತೈತಿ ಅಂತಿದ್ದ. ಇಲ್ಲಿ ನನಗ ಎತ್ತಿಲ್ಲ, ಏನಿಲ್ಲ, ಅದ ಗಾಡಿ ನನ್ನ ಎತ್ತು. ಹುಣ್ವಿ ದಿವಸ ಅರ್ಧಾ ಮೊಕಾ ಹಂಗ ನಿಂತದ್ದ ನೋಡಿ ನನ್ನ ಜೀವ ತಡೀಲಿಲ್ರಿ. ಸಾವಕಾರ್ರ ಹೆದರಿಕಿ ಇತ್ತು, ಖರೆ. ಆದ್ರ ಅಣ್ಣಾರು, ಬಡವರು, ಲೇಪ ಉಳಿಸಾಕ ಎಡಕ್ಕ ಹಂಗ ಬಿಟ್ಟು, ಉಳಿದದ್ದನ್ನ ಪ್ರೀತಿಲೆ ನನಗ ಕೊಟ್ಟಾರ ಅನಕೊಂಡೆ. ಅವರು ಸೈಕಲ್ಲಿಗೆ ಅಂತ ಕೊಟ್ಟದ್ದನ್ನ ತಗದು ಹಚ್ಚಿಬಿಟ್ಟೆ. ಎರಡೂ ಕಡೆ ಮಿಂಚಿದ್ರ ಶೇಠಜಿ ಇನ್ನೂ ಖುಷಿ ಆಗತಾರ, ಅಣ್ಣಾರಿಗೆ ಚಲೋ ಆಗತೈತಿ ಅಂತ." ಮೂಗು ಒರೆಸಿಕೊಂಡ. "ಎಷ್ಟ ಚೆಂದ ಮಿಂಚತಿತ್ತು, ನೀವೂ ನೋಡೀರಿ. ಆದರೂ ಶೇಠಜಿ ಯಾಕ ಒಲ್ಲೆ ಅಂದ್ರು ವೈನಿ? ನನಗ ಇವತ್ತಿನ ತನಕಾ ತಿಳಿದಿಲ್ಲ."

ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಣೆಯ ಹಂಗೂ ಆಗ ನನಗೆ ಇರಲಿಲ್ಲ, ಆಣೆ ಹಾಕಿದವರೇ ಇರಲಿಲ್ಲ. ಒಂದೇ ಮಾತು. ನಿನ್ನಿಂದ. ಅಷ್ಟು ಅಂದಿದ್ದರೆ ನನ್ನ ಎದೆಯ ಭಾರ ಅವನ ಎದೆಗೆ ಹೋಗುತ್ತಿತ್ತು. ಅವನು ಕೆಂಪಾದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ಆ ಎದೆಯನ್ನು ನೋಡಿದೆ. ನನ್ನ ಗಂಡ ತನ್ನದನ್ನು ಬಿಟ್ಟು ಉಳಿಸಿದ ಎದೆ ಅದು.

"ಶೇಠಜಿಗೆ ಕಣ್ಣ ಸರಿ ಇದ್ದಿದ್ದಿಲ್ಲಪಾ," ಅಂದೆ. "ವಯಸ್ಸಾಗಿತ್ತು."

"ಹೌದ್ರಿ, ಅದ ಇರಬೇಕು," ಅಂದ.

ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಮಳೆ ನಿಂತಿರಲಿಲ್ಲ. ಬಾಗಿಲವರೆಗೆ ಬಂದೆ. ಅಂಗಳದಲ್ಲಿ ಅವನ ಸೈಕಲ್ಲು ಮಳೆಯಲ್ಲಿ ನಿಂತಿತ್ತು. ಶಹಾಪುರದ ಚಾಳಿನಲ್ಲಿ ಅದಕ್ಕೆ ಸೂರು ಎಲ್ಲಿಂದ ಬರಬೇಕು, ವರ್ಷವಿಡೀ ಬಯಲಲ್ಲೇ ನಿಲ್ಲುವ ಸೈಕಲ್ಲು. "ಕಾರಿಗೆ ಹಚ್ಚಿ ಉಳಿದದ್ದನ್ನ ಇದಕ್ಕ ಹಚ್ಚಿದ್ದೆ ವೈನಿ. ತಳದಾಗಿನ ಚೂರು ಮೊನ್ನೆ ಕಾರಹುಣ್ವಿಗೆ ಹಚ್ಚಿದೆ, ಡಬ್ಬಿ ಖಾಲಿ ಆತು," ಅನ್ನುತ್ತ ಅದನ್ನು ಹೊರಳಿಸಿದ. ಕರಿ ಬಣ್ಣದ ನಳಿಗೆಗಳ ಮೇಲೆ, ಹ್ಯಾಂಡಲ್ಲಿನ ಮೇಲೆ ಬಿದ್ದ ಹನಿ ಬಿದ್ದ ಹಾಗೇ ಮಣಿಯಾಗಿ ಉರುಳಿ ಓಡುತ್ತಿತ್ತು. ಎಲ್ಲೂ ತುಕ್ಕಿನ ಒಂದು ಚುಕ್ಕೆ ಇಲ್ಲ. ಹೊಚ್ಚ ಹೊಸದರ ಹಾಗೆ ಮಿಂಚುತ್ತಿತ್ತು.

ನನಗೆ ಮೈಮೇಲೆ ಖಬರಿಲ್ಲದಷ್ಟು ಸಂತೋಷವಾಯಿತು. ಗಕ್ಕನೆ ಒಳಖೋಲಿಯ ಕಡೆ ತಿರುಗಿ, "ರೀ, ಲಗೂನ ಬರ್ರಿ ಇಲ್ಲೆ! ನೋಡ್ ಬರ್ರಿ!" ಎಂದು ಕೂಗಿದೆ.

ಕೂಗಿದ ಮೇಲೆ ನೆನಪಾಯಿತು.